ಬ್ಯಾಸ್ ಮೀನುಗಾರಿಕೆ

ಬ್ಯಾಸ್ ಮೀನುಗಾರಿಕೆ ಎಂಬುದು ಉತ್ತರ ಅಮೆರಿಕ ಮೂಲದ ಬ್ಲ್ಯಾಕ್ ಬ್ಯಾಸ್ ಎಂಬ ಸಿಹಿನೀರಿನ ಮೀನುಗಳನ್ನು ಕೋಲು, ದಾರ ಮತ್ತು ಗಾಳದ ಸಹಾಯದಿಂದ ಹಿಡಿಯುವ ಹವ್ಯಾಸ ಹಾಗೂ ಕ್ರೀಡೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಅತ್ಯಂತ ಜನಪ್ರಿಯವಾದ ಗಾಳಗಾರಿಕೆಗಳಲ್ಲಿ ಒಂದು. ಊಟದ ಮೀನಿಗಾಗಿ ಆರಂಭವಾದ ಈ ರೂಢಿಯು 20ನೆಯ ಶತಮಾನದ ಉತ್ತರಾರ್ಧದಲ್ಲಿ ಬಹುಮಾನದ ಸ್ಪರ್ಧೆಯಾಗಿ ಬೆಳೆಯಿತು. ಅದರೊಂದಿಗೆ ದೋಣಿ ಮತ್ತು ಸಲಕರಣೆಗಳ ದೊಡ್ಡ ಉದ್ಯಮವೂ ಬೆಳೆಯಿತು. ಇಂದು ಹಿಡಿದ ಬ್ಯಾಸ್ ಅನ್ನು ಜೀವಂತವಾಗಿ ನೀರಿಗೆ ಬಿಡುವುದು ಅಮೆರಿಕದ ಬಹುಪಾಲು ಗಾಳಗಾರರ ಪದ್ಧತಿ. ಆದರೆ ಇದೇ ಮೀನು ಹೊರದೇಶಗಳ ಕೆರೆ-ನದಿಗಳನ್ನು ಸೇರಿ ಅಲ್ಲಿನ ಸ್ಥಳೀಯ ಜೀವಿಗಳಿಗೆ ಕುತ್ತು ತಂದಿದೆ. ಆದ್ದರಿಂದ ಒಂದು ದೇಶದಲ್ಲಿ ಸದಾಚಾರವೆನಿಸಿದ ಮೀನು ಬಿಡುವ ಕ್ರಮವು ಇನ್ನೊಂದೆಡೆ ನಿಷಿದ್ಧವಾಗಿದೆ.

ಹೆಸರು ಮತ್ತು ಪ್ರಭೇದಗಳು

'ಬ್ಯಾಸ್' ಎಂಬ ಹೆಸರು ಪರಸ್ಪರ ಹತ್ತಿರದ ಸಂಬಂಧವಿಲ್ಲದ ಅನೇಕ ಮೀನುಗಳಿಗೆ ಬಳಕೆಯಲ್ಲಿದೆ. ಯುರೋಪಿನ ಸಮುದ್ರ ಬ್ಯಾಸ್, ಆಸ್ಟ್ರೇಲಿಯದ ನದಿಗಳ ಬ್ಯಾಸ್, ದಕ್ಷಿಣ ಅಮೆರಿಕದ ಪೀಕಾಕ್ ಬ್ಯಾಸ್ ಇವೆಲ್ಲವೂ ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ. ಗಾಳಗಾರಿಕೆಯ ಸಂದರ್ಭದಲ್ಲಿ ಬ್ಯಾಸ್ ಎಂದರೆ ಸಾಮಾನ್ಯವಾಗಿ ಮೈಕ್ರೊಪ್ಟೆರಸ್ ಕುಲದ ಮೀನುಗಳು. ಇವು ಸನ್‌ಫಿಶ್ ಕುಟುಂಬಕ್ಕೆ ಸೇರಿವೆ.

ಈ ಕುಲದಲ್ಲಿ ಮುಖ್ಯವಾದವು ಮೂರು. ಲಾರ್ಜ್‌ಮೌತ್ ಬ್ಯಾಸ್ ಹಸಿರು ಮೈಯ, ಪಕ್ಕದಲ್ಲಿ ಉದ್ದನೆಯ ಕಪ್ಪು ಪಟ್ಟೆಯುಳ್ಳ ಮೀನು. ಬಾಯಿ ಮುಚ್ಚಿದಾಗ ಇದರ ಮೇಲ್ದವಡೆಯ ತುದಿ ಕಣ್ಣಿನ ಹಿಂಬದಿಯನ್ನು ದಾಟಿರುತ್ತದೆ. ಸ್ಮಾಲ್‌ಮೌತ್ ಬ್ಯಾಸ್‌ನ ಮೈಬಣ್ಣ ಕಂಚಿನಂತೆ ಕಂದಾಗಿದ್ದು, ಅಡ್ಡಪಟ್ಟೆಗಳ ಬದಲು ಮೇಲಿಂದ ಕೆಳಗಿಳಿದ ಪಟ್ಟೆಗಳಿರುತ್ತವೆ ಮತ್ತು ಮೇಲ್ದವಡೆ ಕಣ್ಣನ್ನು ದಾಟುವುದಿಲ್ಲ. ಇದು ತಂಪಾದ, ತಿಳಿಯಾದ, ಕಲ್ಲುತಳದ ನೀರನ್ನು ಬಯಸುತ್ತದೆ. ಮೂರನೆಯದಾದ ಸ್ಪಾಟೆಡ್ ಬ್ಯಾಸ್‌ನ ಹೊಟ್ಟೆಯ ಬದಿಯಲ್ಲಿ ಸಾಲುಚುಕ್ಕೆಗಳಿರುತ್ತವೆ. ಫ್ಲಾರಿಡಾದ ಬ್ಯಾಸ್ ಅನ್ನು ಬಹುಕಾಲ ಲಾರ್ಜ್‌ಮೌತ್‌ನ ಉಪಪ್ರಭೇದವೆಂದು ಎಣಿಸಲಾಗಿತ್ತು. 2022ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವು ಅದನ್ನು ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಿ, ಹಳೆಯ ವೈಜ್ಞಾನಿಕ ಹೆಸರಾದ ಮೈಕ್ರೊಪ್ಟೆರಸ್ ಸಾಲ್ಮೊಯ್ಡಿಸ್ ಅನ್ನು ಫ್ಲಾರಿಡಾದ ಮೀನಿಗೂ, ಮೈಕ್ರೊಪ್ಟೆರಸ್ ನಿಗ್ರಿಕನ್ಸ್ ಎಂಬುದನ್ನು ಲಾರ್ಜ್‌ಮೌತ್‌ಗೂ ಗೊತ್ತುಪಡಿಸಿತು.

ಮೀನಿನ ಸ್ವಭಾವ

ಬ್ಯಾಸ್ ಹೊಂಚುಹಾಕಿ ಬೇಟೆಯಾಡುವ ಮೀನು. ಮುಳುಗಿದ ಮರ, ಜೊಂಡು, ದೋಣಿಕಟ್ಟೆಯ ನೆರಳು, ಬಂಡೆಯ ಸಂದು ಮುಂತಾದ ಆಸರೆಗಳ ಬದಿಯಲ್ಲಿ ನಿಶ್ಚಲವಾಗಿ ನಿಂತು, ಸಮೀಪಕ್ಕೆ ಬಂದ ಮರಿಮೀನು, ಕಪ್ಪೆ ಅಥವಾ ಕ್ರೇಫಿಶ್ ಮೇಲೆ ಎರಗುತ್ತದೆ. ಅದು ಬೇಟೆಯನ್ನು ಹಲ್ಲಿನಿಂದ ಕಚ್ಚುವುದಿಲ್ಲ. ಬಾಯಿಯನ್ನು ಥಟ್ಟನೆ ಅಗಲಿಸಿ ನೀರಿನೊಡನೆ ಒಳಗೆ ಹೀರಿಕೊಳ್ಳುತ್ತದೆ. ಒಳಸೇರಿದ್ದು ಆಹಾರವಲ್ಲವೆಂದು ತಿಳಿದರೆ ಅಷ್ಟೇ ವೇಗವಾಗಿ ಉಗುಳುತ್ತದೆ. ಬ್ಯಾಸ್ ಗಾಳಗಾರಿಕೆಯ ತಂತ್ರಗಳಲ್ಲಿ ಹೆಚ್ಚಿನವು ಈ ಎರಡು ಗುಣಗಳನ್ನು ಆಧರಿಸಿವೆ: ಎರೆಯನ್ನು ಆಸರೆಯ ತೀರ ಸಮೀಪಕ್ಕೆ ತಲುಪಿಸಬೇಕು ಮತ್ತು ಮೀನು ಅದನ್ನು ಉಗುಳುವ ಮೊದಲೇ ಗಾಳವನ್ನು ನಾಟಿಸಬೇಕು.

ಬೇಟೆಗೆ ಅದು ಕಣ್ಣನ್ನು ಮುಖ್ಯವಾಗಿ ಅವಲಂಬಿಸಿದರೂ, ಮೈಯ ಎರಡೂ ಬದಿಯಲ್ಲಿರುವ ಪಾರ್ಶ್ವರೇಖೆಯ ಮೂಲಕ ನೀರಿನ ಕಂಪನವನ್ನು ಗ್ರಹಿಸಬಲ್ಲದು. ಕೆಸರುನೀರಿನಲ್ಲಿಯೂ ರಾತ್ರಿಯಲ್ಲಿಯೂ ಸದ್ದು ಮತ್ತು ಅದುರುವಿಕೆ ಹೆಚ್ಚಿರುವ ಎರೆಗಳು ಫಲಕಾರಿಯಾಗುವುದು ಇದರಿಂದಲೇ.

ವಸಂತಕಾಲದಲ್ಲಿ ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ದಾಟಿದ ಬಳಿಕ ಗಂಡು ಮೀನು ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಬಾಲದಿಂದ ತಳವನ್ನು ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗಳನ್ನೂ ಅನಂತರ ಮರಿಗಳ ಗುಂಪನ್ನೂ ಕಾಯುವುದು ಗಂಡಿನ ಕೆಲಸ. ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುವುದರಿಂದ ಗಾಳಗಾರರ ಕೈಗೆ ಸಿಗುವ ಭಾರಿ ಗಾತ್ರದ ಬ್ಯಾಸ್‌ಗಳು ಬಹುತೇಕ ಹೆಣ್ಣು ಮೀನುಗಳೇ ಆಗಿರುತ್ತವೆ.

ಇತಿಹಾಸ

19ನೆಯ ಶತಮಾನದ ಆರಂಭದಲ್ಲಿ ಕೆಂಟಕಿ ರಾಜ್ಯದ ಗಡಿಯಾರ ತಯಾರಕರು, ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುವ ರೀಲನ್ನು ರೂಪಿಸಿದರು. ಇದರಿಂದ ಎರೆಯನ್ನು ದೂರಕ್ಕೆ ಎಸೆದು ಬೇಗನೆ ಹಿಂದೆಳೆಯುವುದು ಸಾಧ್ಯವಾಯಿತು. ಅದೇ ಶತಮಾನದಲ್ಲಿ ರೈಲುಮಾರ್ಗಗಳು ಮೀನಿನ ವ್ಯಾಪ್ತಿಯನ್ನೂ ವಿಸ್ತರಿಸಿದವು. 1850ರ ದಶಕದಲ್ಲಿ ಸ್ಮಾಲ್‌ಮೌತ್ ಬ್ಯಾಸ್‌ಗಳನ್ನು ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಸಾಗಿಸಿ, ಅವು ಹಿಂದೆ ಇರದಿದ್ದ ಪೊಟೊಮ್ಯಾಕ್ ನದಿಯ ಜಲಾನಯನಕ್ಕೆ ಬಿಡಲಾಯಿತು.

ಆ ಕಾಲದ ಸಿರಿವಂತ ಗಾಳಗಾರರು ಟ್ರೌಟ್ ಮತ್ತು ಸಾಲ್ಮನ್ ಮೀನುಗಳಿಗೆ ಮಾತ್ರ ಘನತೆಯನ್ನು ಮೀಸಲಿಟ್ಟಿದ್ದರು. ವೈದ್ಯರಾಗಿದ್ದ ಜೇಮ್ಸ್ ಹೆನ್‌ಶಾಲ್ 1881ರಲ್ಲಿ ಪ್ರಕಟಿಸಿದ 'ಬುಕ್ ಆಫ್ ದ ಬ್ಲ್ಯಾಕ್ ಬ್ಯಾಸ್' ಎಂಬ ಗ್ರಂಥವು ಬ್ಯಾಸ್‌ನ ಸೆಣಸಾಟದ ಗುಣವನ್ನು ಎತ್ತಿಹಿಡಿದು ಈ ಮೇಲುಕೀಳಿನ ಭಾವನೆಯನ್ನು ಪ್ರಶ್ನಿಸಿತು. ಶತಮಾನದ ಕೊನೆಯ ವೇಳೆಗೆ ಮಿಚಿಗನ್ ರಾಜ್ಯದ ಜೇಮ್ಸ್ ಹೆಡನ್ ಮರದಿಂದ ಕೆತ್ತಿದ ಕಪ್ಪೆ ಮತ್ತು ಮೀನಿನ ಆಕಾರದ ಎರೆಗಳನ್ನು ತಯಾರಿಸಲು ತೊಡಗಿದರು.

1930ರ ದಶಕದಿಂದ ವಿದ್ಯುತ್ತು ಮತ್ತು ನೆರೆ ನಿಯಂತ್ರಣಕ್ಕಾಗಿ ಕಟ್ಟಲಾದ ಅಣೆಕಟ್ಟುಗಳು ಈ ಹವ್ಯಾಸದ ಸ್ವರೂಪವನ್ನೇ ಬದಲಿಸಿದವು. 1933ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರವು ನಿರ್ಮಿಸಿದಂತಹ ಜಲಾಶಯಗಳಲ್ಲಿ ಮುಳುಗಿದ ಕಾಡು, ರಸ್ತೆ, ಹಳೆಯ ನದೀಪಾತ್ರಗಳು ಬ್ಯಾಸ್‌ಗೆ ಹೇಳಿ ಮಾಡಿಸಿದ ನೆಲೆಗಳಾದವು. ದಡದಿಂದ ದೂರದಲ್ಲಿ, ಕಣ್ಣಿಗೆ ಕಾಣದ ತಳದ ಏರಿಳಿತಗಳನ್ನು ಅರಿತು ಮೀನು ಹಿಡಿಯುವ ಕ್ರಮವನ್ನು ಉತ್ತರ ಕೆರೊಲಿನಾದ ಬಕ್ ಪೆರಿ ಪ್ರಚಾರಕ್ಕೆ ತಂದರು. 1949ರಲ್ಲಿ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮೆದು ಪ್ಲಾಸ್ಟಿಕ್ ಹುಳುವನ್ನು ಅಚ್ಚುಹಾಕಿದರು. 1950ರ ದಶಕದ ಕೊನೆಯಲ್ಲಿ ಕಾರ್ಲ್ ಲೊರಾನ್ಸ್ ಅವರ ಸಂಸ್ಥೆಯು ಸಣ್ಣ ದೋಣಿಗೆ ಹೊಂದುವ ಸೋನಾರ್ ಉಪಕರಣವನ್ನು ಹವ್ಯಾಸಿಗಳಿಗೆ ಒದಗಿಸಿತು. ಅಲ್ಲಿಯವರೆಗೆ ಹಗ್ಗಕ್ಕೆ ಗುಂಡು ಕಟ್ಟಿ ಆಳ ಅಳೆಯುತ್ತಿದ್ದವರಿಗೆ ತಳದ ಚಿತ್ರವೇ ದೊರೆಯಿತು.

ಸಲಕರಣೆಗಳು

ಬ್ಯಾಸ್ ಗಾಳಗಾರರು ಎರಡು ಬಗೆಯ ರೀಲುಗಳನ್ನು ಹೆಚ್ಚಾಗಿ ಬಳಸುತ್ತಾರೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎರೆ ಹಾರುವಾಗ ಉರುಳೆಯೂ ಸುತ್ತುತ್ತದೆ. ದಪ್ಪ ದಾರ, ಭಾರದ ಎರೆ ಮತ್ತು ಗುರಿಯ ನಿಖರತೆಗೆ ಇದು ಸೂಕ್ತ. ಆದರೆ ಎರೆಯ ವೇಗ ತಗ್ಗಿದಾಗ ಹೆಬ್ಬೆರಳಿನಿಂದ ಉರುಳೆಯನ್ನು ತಡೆಯದಿದ್ದರೆ ದಾರವು ಹಕ್ಕಿಗೂಡಿನಂತೆ ಗೋಜಲಾಗುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆ ಸುತ್ತದೆ ದಾರ ಮಾತ್ರ ಬಿಚ್ಚಿಕೊಳ್ಳುತ್ತದೆ. ಹಗುರ ಎರೆಗಳಿಗೂ ಕಲಿಯುವವರಿಗೂ ಇದು ಅನುಕೂಲ.

ದಾರಗಳಲ್ಲಿ ಮೂರು ವಿಧಗಳಿವೆ. ನೈಲಾನಿನ ಒಂಟಿ ಎಳೆ ತೇಲುವ ಗುಣವುಳ್ಳದ್ದು, ಸ್ವಲ್ಪ ಹಿಗ್ಗುತ್ತದೆ. ಫ್ಲೂರೊಕಾರ್ಬನ್ ನೀರಿನಲ್ಲಿ ಮುಳುಗುತ್ತದೆ ಮತ್ತು ಮೀನಿನ ಕಣ್ಣಿಗೆ ಕಡಿಮೆ ಕಾಣುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ. ಅದೇ ದಪ್ಪದ ಇತರ ದಾರಗಳಿಗಿಂತ ಹೆಚ್ಚು ಬಲವುಳ್ಳದ್ದಾದ್ದರಿಂದ ದಟ್ಟ ಸಸ್ಯಗಳ ನಡುವಿನಿಂದ ಮೀನನ್ನು ಎಳೆಯಲು ಇದನ್ನೇ ಆಯ್ದುಕೊಳ್ಳಲಾಗುತ್ತದೆ.

ಬ್ಯಾಸ್ ದೋಣಿ ತಗ್ಗಾದ ಅಂಚು, ಮುಂದೆ-ಹಿಂದೆ ನಿಂತು ಎಸೆಯಲು ಸಮತಟ್ಟಾದ ವೇದಿಕೆ, ಸದ್ದಿಲ್ಲದೆ ಸಾಗಲು ಮೂತಿಯಲ್ಲಿ ವಿದ್ಯುತ್ ಮೋಟಾರು ಮತ್ತು ಮೀನನ್ನು ಜೀವಂತವಾಗಿಡಲು ಗಾಳಿಯಾಡುವ ನೀರಿನ ತೊಟ್ಟಿಯನ್ನು ಹೊಂದಿರುತ್ತದೆ. ಆದರೆ ದೋಣಿಯಿಲ್ಲದೆ ದಡದಿಂದಲೋ ಕಯಾಕ್‌ನಿಂದಲೋ ಗಾಳ ಹಾಕುವವರ ಸಂಖ್ಯೆಯೂ ಸಣ್ಣದಲ್ಲ. ಹಳ್ಳಿಗಾಡಿನ ಹೊಂಡಗಳಲ್ಲಿಯೇ ಮೊದಲ ಮೀನು ಹಿಡಿದು ಈ ಹವ್ಯಾಸಕ್ಕೆ ಬಂದವರು ಅನೇಕರು.

ತಂತ್ರಗಳು

ಮೇಲ್ಮೈ ಎರೆಗಳು: ಮುಂಜಾನೆ, ಸಂಜೆ ಮತ್ತು ಮೋಡ ಕವಿದ ವೇಳೆಯಲ್ಲಿ ನೀರಿನ ಮೇಲೆ ತೇಲುವ ಎರೆಗಳನ್ನು ಬಳಸಲಾಗುತ್ತದೆ. ಕೋಲಿನ ತುದಿಯನ್ನು ಲಯಬದ್ಧವಾಗಿ ಜಗ್ಗಿ ಎರೆಯನ್ನು ಎಡಕ್ಕೂ ಬಲಕ್ಕೂ ಹೊರಳಾಡಿಸುವುದು ಒಂದು ಕ್ರಮ. ಬಾಯಿ ತಗ್ಗಾದ ಎರೆಯನ್ನು ಗುಳುಕ್ಕೆನ್ನುವಂತೆ ಎಳೆದು ನಿಲ್ಲಿಸುವುದು ಇನ್ನೊಂದು. ಒಳಗೆ ಟೊಳ್ಳಾದ ರಬ್ಬರಿನ ಕಪ್ಪೆಯನ್ನು ಹಾಸಿದ ಜಲಸಸ್ಯಗಳ ಮೇಲೆ ಜಾರಿಸಬಹುದು. ಅದರ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಂತೆ ಇರುವುದರಿಂದ ಸೊಪ್ಪಿಗೆ ಸಿಕ್ಕಿಕೊಳ್ಳುವುದಿಲ್ಲ. ನೀರು ಚಿಮ್ಮಿದ ಕೂಡಲೇ ಕೋಲನ್ನು ಎತ್ತುವುದು ಹೊಸಬರ ಸಾಮಾನ್ಯ ತಪ್ಪು. ಮೀನಿನ ಭಾರ ಕೈಗೆ ತಿಳಿಯುವವರೆಗೆ ಕಾಯಬೇಕಾಗುತ್ತದೆ.

ನಡುನೀರಿನ ಎರೆಗಳು: ಕ್ರ್ಯಾಂಕ್‌ಬೇಟ್ ಎಂಬುದು ಮೂತಿಯಲ್ಲಿ ಪಾರದರ್ಶಕ ತಗಡುಳ್ಳ, ಉಬ್ಬಿದ ಮೈಯ ಎರೆ. ಎಳೆದಾಗ ಅದು ಅದುರುತ್ತಾ ಕೆಳಗಿಳಿಯುತ್ತದೆ. ತಗಡಿನ ಉದ್ದ ಮತ್ತು ಕೋನವು ಅದು ಇಳಿಯುವ ಆಳವನ್ನು ನಿರ್ಧರಿಸುತ್ತದೆ. ಟೆನೆಸಿಯ ಫ್ರೆಡ್ ಯಂಗ್ ಹಗುರವಾದ ಬಾಲ್ಸಾ ಮರದಿಂದ ಕೈಯಲ್ಲೇ ಕೆತ್ತಿದ 'ಬಿಗ್ ಓ' ಈ ಬಗೆಯ ಎರೆಗಳಲ್ಲಿ ಪ್ರಸಿದ್ಧ. ಇದನ್ನು ಸುಮ್ಮನೆ ಎಳೆಯುವುದಕ್ಕಿಂತ ಬಂಡೆಗೋ ಮರದ ಬೊಡ್ಡೆಗೋ ತಾಗಿಸಿ ದಿಕ್ಕು ತಪ್ಪಿಸಿದಾಗ ಮೀನು ಎರಗುವ ಸಾಧ್ಯತೆ ಹೆಚ್ಚು. ತಿರುಗುವ ಲೋಹದ ಎಲೆಗಳುಳ್ಳ ಸ್ಪಿನ್ನರ್‌ಬೇಟ್ ಗಾಳಿ ಬೀಸುವಾಗ ಮತ್ತು ನೀರು ಮಸುಕಾಗಿರುವಾಗ ಉಪಯುಕ್ತ.

ಮೆದು ಪ್ಲಾಸ್ಟಿಕ್ ಎರೆಗಳು: ಟೆಕ್ಸಸ್ ಜೋಡಣೆಯಲ್ಲಿ ಗುಂಡಿನಾಕಾರದ ತೂಕವನ್ನು ದಾರಕ್ಕೆ ಪೋಣಿಸಿ, ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನ ಮೈಯೊಳಗೇ ಹುದುಗಿಸಲಾಗುತ್ತದೆ. ಹೀಗಾಗಿ ಅದು ಕೊಂಬೆ-ಕಡ್ಡಿಗಳ ನಡುವೆ ಸಿಲುಕದೆ ಸಾಗುತ್ತದೆ. ಕೆರೊಲಿನಾ ಜೋಡಣೆಯಲ್ಲಿ ತೂಕವು ಎರೆಯಿಂದ ದೂರವಿದ್ದು ತಳವನ್ನು ಕೆದಕುತ್ತಾ ಸಾಗುತ್ತದೆ; ಹಿಂದೆ ಎರೆ ನಿಧಾನವಾಗಿ ತೇಲುತ್ತಾ ಬರುತ್ತದೆ. ಹುಳುವಿನ ನಡುವಿಗೆ ಕೊಕ್ಕೆ ಚುಚ್ಚಿ ಎರಡೂ ತುದಿಗಳು ನಡುಗುವಂತೆ ಕೆಳಗಿಳಿಸುವುದಕ್ಕೆ ವ್ಯಾಕಿ ಜೋಡಣೆ ಎಂದು ಹೆಸರು.

ಜಿಗ್ ಮತ್ತು ಫ್ಲಿಪ್ಪಿಂಗ್: ಜಿಗ್ ಎಂಬುದು ತೂಕದ ತಲೆ, ಕೊಕ್ಕೆ ಮತ್ತು ರಬ್ಬರ್ ಎಳೆಗಳ ಕುಚ್ಚು ಸೇರಿದ ಎರೆ, ಇದು ಕ್ರೇಫಿಶ್ ಅನ್ನು ಹೋಲುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಉದ್ದನೆಯ ಕೋಲಿನಿಂದ, ದೋಣಿಗೆ ಕೆಲವೇ ಮೀಟರ್ ದೂರದ ಪೊದೆಯ ಸಂದಿಗೆ ಜಿಗ್ ಅನ್ನು ಸದ್ದಿಲ್ಲದೆ ಇಳಿಬಿಡುವ ಫ್ಲಿಪ್ಪಿಂಗ್ ಕ್ರಮವನ್ನು ಸ್ಪರ್ಧೆಗಳಲ್ಲಿ ಬಳಸಿ ಪ್ರಸಿದ್ಧಿಗೊಳಿಸಿದರು. ದೂರಕ್ಕೆ ಎಸೆಯುವುದೇ ಜಾಣ್ಮೆ ಎಂಬ ಆವರೆಗಿನ ತಿಳಿವಳಿಕೆಯನ್ನು ಇದು ಬದಲಿಸಿತು.

ಸೂಕ್ಷ್ಮ ತಂತ್ರಗಳು: ನೀರು ಬಹಳ ತಿಳಿಯಾಗಿರುವಾಗ ಅಥವಾ ಅನೇಕರು ಗಾಳ ಹಾಕಿ ಮೀನು ಎಚ್ಚರಗೊಂಡಿರುವಾಗ ತೆಳು ದಾರ ಮತ್ತು ಚಿಕ್ಕ ಎರೆಗಳನ್ನು ಬಳಸಲಾಗುತ್ತದೆ. ಡ್ರಾಪ್ ಶಾಟ್‌ನಲ್ಲಿ ತೂಕವು ದಾರದ ತುದಿಯಲ್ಲಿದ್ದು, ಕೊಕ್ಕೆಯನ್ನು ಅದಕ್ಕಿಂತ ಮೇಲೆ ಕಟ್ಟಿರುತ್ತಾರೆ. ತೂಕ ತಳದಲ್ಲಿ ನೆಲೆನಿಂತಾಗ ಎರೆಯನ್ನು ಒಂದೇ ಕಡೆ ಅಲುಗಾಡಿಸುತ್ತಿರಬಹುದು. ಈ ತಂತ್ರವು ಜಪಾನಿನ ಗಾಳಗಾರರಿಂದ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು.

ಋತು ಮತ್ತು ಹವಾಮಾನ

ಬ್ಯಾಸ್ ಶೀತರಕ್ತದ ಪ್ರಾಣಿಯಾದ್ದರಿಂದ ಅದರ ಚಟುವಟಿಕೆಯು ನೀರಿನ ಉಷ್ಣತೆಯನ್ನು ಅನುಸರಿಸುತ್ತದೆ. ಚಳಿಗಾಲದಲ್ಲಿ ಅದು ಆಳದಲ್ಲಿ ನಿಧಾನವಾಗಿರುತ್ತದೆ. ಎರೆಯನ್ನೂ ನಿಧಾನವಾಗಿ ಸರಿಸಬೇಕಾಗುತ್ತದೆ. ಮೊಟ್ಟೆಯಿಡುವ ಮುನ್ನ, ನೀರು ಬೆಚ್ಚಗಾಗತೊಡಗಿದಾಗ, ಮೀನುಗಳು ಆಳದಿಂದ ದಡದತ್ತ ಬಂದು ಹೊಟ್ಟೆಬಾಕತನದಿಂದ ತಿನ್ನುತ್ತವೆ. ವರ್ಷದ ಅತಿ ಭಾರದ ಮೀನುಗಳು ಸಿಗುವ ಕಾಲ ಇದೇ. ಬೇಸಗೆಯಲ್ಲಿ ಹಲವು ಸರೋವರಗಳ ನೀರು ಪದರಗಳಾಗಿ ಬೇರ್ಪಟ್ಟು, ಕೆಳಗಿನ ತಣ್ಣನೆಯ ಪದರದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಬ್ಯಾಸ್ ಆ ಪದರಕ್ಕಿಂತ ಮೇಲಿನ ಆಳದಲ್ಲಿ ಅಥವಾ ದಟ್ಟ ನೆರಳಿನಲ್ಲಿ ಇರುತ್ತದೆ. ಶರತ್ಕಾಲದಲ್ಲಿ ಮರಿಮೀನುಗಳ ಗುಂಪುಗಳನ್ನು ಹಿಂಬಾಲಿಸಿ ಕೊಲ್ಲಿಗಳ ಒಳಭಾಗಕ್ಕೆ ಬರುತ್ತದೆ. ಶೀತಮಾರುತ ಹಾದುಹೋದ ಮರುದಿನದ ಶುಭ್ರ ಆಕಾಶದ ಹಗಲು ಬ್ಯಾಸ್ ಹಿಡಿಯಲು ಅತಿ ಕಷ್ಟದ ದಿನವೆಂದು ಗಾಳಗಾರರಲ್ಲಿ ವ್ಯಾಪಕವಾದ ಅನುಭವವಿದೆ.

ನೀರಿನ ಮೇಲಿನ ಅನುಭವ

ಗಾಳಗಾರರ ದಿನವು ಹೆಚ್ಚಾಗಿ ಬೆಳಕು ಹರಿಯುವ ಮುನ್ನ ಆರಂಭವಾಗುತ್ತದೆ. ಒಂದು ದಿನದಲ್ಲಿ ನೂರಾರು ಬಾರಿ ಎರೆ ಎಸೆದು ಬೆರಳೆಣಿಕೆಯ ಮೀನು ಸಿಗುವುದು, ಕೆಲವೊಮ್ಮೆ ಒಂದೂ ಸಿಗದಿರುವುದು ಸಾಮಾನ್ಯ. ಆದ್ದರಿಂದ ಈ ಹವ್ಯಾಸದ ಹೆಚ್ಚಿನ ಭಾಗವು ಹಿಡಿಯುವುದಕ್ಕಿಂತ ಹುಡುಕುವುದರಲ್ಲಿ ಕಳೆಯುತ್ತದೆ. ಮೊದಲ ಮೀನು ಸಿಕ್ಕ ಆಳ, ಆಸರೆ, ಬೆಳಕು, ಎರೆಯ ಬಣ್ಣ ಮತ್ತು ಎಳೆದ ವೇಗವನ್ನು ನೆನಪಿಟ್ಟು, ಅಂತಹದೇ ಇತರ ಸ್ಥಳಗಳಲ್ಲಿ ಅದನ್ನು ಪರೀಕ್ಷಿಸಲಾಗುತ್ತದೆ. ಎರಡನೆಯ ಮತ್ತು ಮೂರನೆಯ ಮೀನು ಅದೇ ಬಗೆಯ ಸ್ಥಳದಲ್ಲಿ ಸಿಕ್ಕರೆ ಆ ದಿನದ 'ಪ್ಯಾಟರ್ನ್' ತಿಳಿಯಿತು ಎನ್ನುತ್ತಾರೆ. ಈ ವಿಚಾರವನ್ನು ಜನಪ್ರಿಯಗೊಳಿಸಿದವರಲ್ಲಿ ಸ್ಪರ್ಧಾಗಾರ ರೋಲಂಡ್ ಮಾರ್ಟಿನ್ ಪ್ರಮುಖರು.

ಮೀನು ಎರೆಯನ್ನು ತೆಗೆದುಕೊಂಡದ್ದು ಎಲ್ಲ ಸಂದರ್ಭಗಳಲ್ಲಿ ಒಂದೇ ಬಗೆಯಾಗಿ ತಿಳಿಯುವುದಿಲ್ಲ. ಕ್ರ್ಯಾಂಕ್‌ಬೇಟಿಗೆ ಬಿದ್ದ ಮೀನು ಕೋಲನ್ನೇ ಬಗ್ಗಿಸುತ್ತದೆ. ಪ್ಲಾಸ್ಟಿಕ್ ಹುಳುವಿನಲ್ಲಿ ಸಣ್ಣದೊಂದು ತಟ್ಟು, ದಾರದ ಅಡ್ಡ ಚಲನೆ, ಅಥವಾ ಇದ್ದ ಭಾರ ಇಲ್ಲವಾದಂತಹ ಭಾವನೆ ಮಾತ್ರ ಉಂಟಾಗಬಹುದು. ಅನುಭವಿಗಳು ಎರೆ ಕೆಳಗಿಳಿಯುವಾಗ ದಾರದ ಮೇಲೆ ಕಣ್ಣಿಟ್ಟಿರುವುದು ಇದಕ್ಕಾಗಿಯೇ. ಗಾಳ ನಾಟಿದ ಬ್ಯಾಸ್ ಆಸರೆಯತ್ತ ನುಗ್ಗುತ್ತದೆ ಅಥವಾ ನೀರಿನಿಂದ ಮೇಲಕ್ಕೆ ಚಿಮ್ಮಿ ತಲೆ ಕೊಡವುತ್ತದೆ. ಆ ಕ್ಷಣ ದಾರ ಸಡಿಲಗೊಂಡರೆ ಕೊಕ್ಕೆ ಕಳಚಿಹೋಗುವುದರಿಂದ, ಕೋಲಿನ ತುದಿಯನ್ನು ತಗ್ಗಿಸಿ ಬಿಗಿ ಕಾಪಾಡಬೇಕಾಗುತ್ತದೆ. ದೋಣಿಯ ಪಕ್ಕಕ್ಕೆ ಬಂದ ಮೇಲೆ ತಪ್ಪಿಸಿಕೊಳ್ಳುವ ಮೀನುಗಳೂ ಬಹಳ. ಅಲ್ಲಿ ದಾರ ಗಿಡ್ಡವಾಗಿದ್ದು, ಮೀನಿನ ಕೊನೆಯ ಜಗ್ಗಾಟವನ್ನು ತಾಳುವ ಹಿಗ್ಗು ಅದಕ್ಕಿರುವುದಿಲ್ಲ.

ಸ್ಪರ್ಧೆಗಳು

ಆಧುನಿಕ ಬ್ಯಾಸ್ ಸ್ಪರ್ಧೆಯ ರೂವಾರಿ ಅಲಬಾಮಾ ರಾಜ್ಯದ ವಿಮಾ ಮಾರಾಟಗಾರ ರೇ ಸ್ಕಾಟ್. 1967ರ ಜೂನ್‌ನಲ್ಲಿ ಅವರು ಆರ್ಕನ್ಸಾ ರಾಜ್ಯದ ಬೀವರ್ ಜಲಾಶಯದಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ 13 ರಾಜ್ಯಗಳ 106 ಗಾಳಗಾರರು ತಲಾ 100 ಡಾಲರ್ ಕೊಟ್ಟು ಭಾಗವಹಿಸಿದರು. ಅದಕ್ಕೂ ಹಿಂದಿನ ಮೀನು ಹಿಡಿಯುವ ಪಂದ್ಯಗಳಿಗೆ ಮೋಸದ ಕಳಂಕವಿದ್ದುದರಿಂದ, ಕಟ್ಟುನಿಟ್ಟಾದ ನಿಯಮಗಳಿಗೆ ಸ್ಕಾಟ್ ಒತ್ತು ನೀಡಿದರು. 1968ರಲ್ಲಿ ಅವರು ಬ್ಯಾಸ್ ಆಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು; ಅದರ ಪತ್ರಿಕೆ 'ಬ್ಯಾಸ್‌ಮಾಸ್ಟರ್'. 1971ರಲ್ಲಿ ಮೊದಲ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ನೆವಾಡಾದ ಮೀಡ್ ಸರೋವರದಲ್ಲಿ ನಡೆಯಿತು. 24 ಸ್ಪರ್ಧಿಗಳಿಗೆ ಯಾವ ಸರೋವರ ಎಂಬುದನ್ನು ವಿಮಾನ ಹಾರಿದ ಮೇಲಷ್ಟೇ ತಿಳಿಸಲಾಯಿತು. 10,000 ಡಾಲರ್ ಬಹುಮಾನವನ್ನು ಬಾಬಿ ಮರೆ ಗೆದ್ದರು.

ಈಗಿನ ಬಹಳಷ್ಟು ಸ್ಪರ್ಧೆಗಳಲ್ಲಿ ದಿನವೊಂದಕ್ಕೆ ಅತಿ ಭಾರದ ಐದು ಮೀನುಗಳ ಒಟ್ಟು ತೂಕವನ್ನು ಎಣಿಸಲಾಗುತ್ತದೆ. ಸತ್ತ ಮೀನಿಗೆ ತೂಕ ಕಡಿತವಿದೆ. ಮೇಜರ್ ಲೀಗ್ ಫಿಶಿಂಗ್ ಸಂಸ್ಥೆಯು ಮೀನನ್ನು ದೋಣಿಯಲ್ಲೇ ತೂಗಿ ತಕ್ಷಣ ಬಿಡುವ ಕ್ರಮವನ್ನು ರೂಢಿಗೆ ತಂದಿತು. ರಿಕ್ ಕ್ಲನ್ ಮತ್ತು ಕೆವಿನ್ ವ್ಯಾನ್‌ಡ್ಯಾಮ್ ತಲಾ ನಾಲ್ಕು ಬಾರಿ ಕ್ಲಾಸಿಕ್ ಗೆದ್ದಿದ್ದಾರೆ. 2004ರಲ್ಲಿ ಜಪಾನಿನ ಟಕಹಿರೊ ಒಮೊರಿ ವಿಜೇತರಾದರು. 2009ರಲ್ಲಿ ಕಿಮ್ ಬೇನ್-ಮೂರ್ ಕ್ಲಾಸಿಕ್‌ನಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆಯಾದರು.

ಇತ್ತೀಚಿನ ವರ್ಷಗಳ ಮುಖ್ಯ ವಿವಾದವು ದೋಣಿಯ ಮುಂದಿನ ನೀರನ್ನು ಅದೇ ಕ್ಷಣದಲ್ಲಿ ಪರದೆಯ ಮೇಲೆ ತೋರಿಸುವ ಸೋನಾರ್‌ಗೆ ಸಂಬಂಧಿಸಿದೆ. ಮೀನು ಎರೆಯನ್ನು ಹಿಂಬಾಲಿಸುವುದೂ ಮುಖ ತಿರುಗಿಸುವುದೂ ಅದರಲ್ಲಿ ಕಾಣುತ್ತದೆ. ಇದು ನೀರನ್ನು ಓದುವ ಕಲೆಯನ್ನು ಅನಗತ್ಯಗೊಳಿಸುತ್ತದೆ ಎಂಬುದು ವಿರೋಧಿಗಳ ವಾದ. ಪರದೆಯಲ್ಲಿ ಕಂಡ ಮೀನನ್ನೂ ಹಿಡಿಯಲು ಕೌಶಲ ಬೇಕು, ಹಿಂದೆ ಸೋನಾರ್ ಬಂದಾಗಲೂ ಇದೇ ಆಕ್ಷೇಪವಿತ್ತು ಎಂಬುದು ಸಮರ್ಥಕರ ಉತ್ತರ. ಕೆಲವು ಸ್ಪರ್ಧಾ ಸಂಸ್ಥೆಗಳು ಇದರ ಬಳಕೆಗೆ ಮಿತಿ ಹೇರಿವೆ.

ದಾಖಲೆಗಳು

1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್‌ಗೊಮೆರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಯುವ ರೈತ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10.09 ಕಿಲೋಗ್ರಾಂ ತೂಕದ ಲಾರ್ಜ್‌ಮೌತ್ ಹಿಡಿದರು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ತೂಕವನ್ನು ದಾಖಲಿಸಿ ಪತ್ರಿಕೆಯೊಂದರ ಸ್ಪರ್ಧೆಗೆ ಕಳುಹಿಸಿದ ಬಳಿಕ, ಮೀನು ಮನೆಮಂದಿಯ ಊಟವಾಯಿತು. ಈ ದಾಖಲೆ 77 ವರ್ಷ ಸರಿಸಾಟಿಯಿಲ್ಲದೆ ಉಳಿಯಿತು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು ಸುಮಾರು ಒಂದು ಔನ್ಸ್‌ನಷ್ಟು ಹೆಚ್ಚು ತೂಗಿತು. ಆದರೆ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘದ ನಿಯಮದಂತೆ ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕಾದ್ದರಿಂದ ಎರಡನ್ನೂ ಸಮಾನ ದಾಖಲೆಗಳೆಂದು ಘೋಷಿಸಲಾಯಿತು.

ಹಿಡಿದು ಬಿಡುವುದು

ಮೊದಲ ಸ್ಪರ್ಧೆಗಳಲ್ಲಿ ಹಿಡಿದ ಮೀನುಗಳು ಹಗ್ಗಕ್ಕೆ ಪೋಣಿಸಲ್ಪಟ್ಟು ಸಾಯುತ್ತಿದ್ದವು. ಸ್ಪರ್ಧೆಗಳು ಕೆರೆಗಳನ್ನು ಬರಿದು ಮಾಡುತ್ತವೆ ಎಂಬ ಆಕ್ಷೇಪ ಬಲವಾದಾಗ, 1972ರಲ್ಲಿ ರೇ ಸ್ಕಾಟ್ ತಮ್ಮ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತವಾಗಿ ತೂಗಿ ಬಿಡುವ ನಿಯಮವನ್ನು ತಂದರು. ಸ್ಪರ್ಧೆಯಲ್ಲಿ ಆರಂಭವಾದ ಈ ಕ್ರಮವು ಸಾಮಾನ್ಯ ಗಾಳಗಾರರಲ್ಲಿಯೂ ಹರಡಿತು. ಟೆಕ್ಸಸ್ ರಾಜ್ಯವು 1986ರಲ್ಲಿ, 13 ಪೌಂಡಿಗಿಂತ ಹೆಚ್ಚು ತೂಗುವ ಬ್ಯಾಸ್‌ಗಳನ್ನು ಗಾಳಗಾರರಿಂದ ಎರವಲು ಪಡೆದು ಮರಿ ಮಾಡಿಸುವ ಯೋಜನೆ ಆರಂಭಿಸಿತು. ಅದೇ ವರ್ಷ ಫೋರ್ಕ್ ಜಲಾಶಯದಲ್ಲಿ ಸಿಕ್ಕ 17.67 ಪೌಂಡಿನ 'ಎಥೆಲ್' ಎಂಬ ಹೆಣ್ಣು ಮೀನು ಅದರ ಮೊದಲ ಅತಿಥಿ. ಕರ್ನಾಟಕದಲ್ಲಿಯೂ ಕಾವೇರಿ ನದಿಯ ಭೀಮೇಶ್ವರಿ, ದೊಡ್ಡಮಕಳಿ ಮುಂತಾದ ಶಿಬಿರಗಳಲ್ಲಿ ಮಹಸೀರ್ ಮೀನಿನ ವಿಷಯದಲ್ಲಿ ಹಿಡಿದು ಬಿಡುವ ಕ್ರಮ ಬಳಕೆಯಲ್ಲಿತ್ತು.

ಬಿಟ್ಟ ಮೀನೆಲ್ಲವೂ ಬದುಕುವುದಿಲ್ಲ. ದೀರ್ಘ ಸೆಣಸಾಟ, ಬೇಸಗೆಯ ಬಿಸಿನೀರು, ತೊಟ್ಟಿಯಲ್ಲಿ ಆಮ್ಲಜನಕದ ಕೊರತೆ ಮತ್ತು ತೂಗುವಾಗ ಗಾಳಿಯಲ್ಲಿ ಕಳೆಯುವ ಸಮಯ ಇವೆಲ್ಲ ಸೇರಿ, ಈಜಿಕೊಂಡು ಹೋದ ಮೀನು ಕೆಲವು ದಿನಗಳ ನಂತರ ಸಾಯಬಹುದು. ಆಳದಿಂದ ಬೇಗ ಮೇಲೆಳೆದ ಮೀನಿನ ಗಾಳಿಚೀಲ ಉಬ್ಬಿ ಅದು ಮತ್ತೆ ಕೆಳಗಿಳಿಯಲಾಗದೆ ತೇಲುತ್ತದೆ. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳುವುದು, ಮೈಯ ಲೋಳೆಪದರ ಕಿತ್ತುಹೋಗದಂತೆ ನೋಡಿಕೊಳ್ಳುವುದು, ಕೆಳದವಡೆಯಲ್ಲಿ ಹಿಡಿದಾಗ ಭಾರದ ಮೀನಿನ ಹೊಟ್ಟೆಗೂ ಕೈ ಆಸರೆ ಕೊಡುವುದು, ಕೊಕ್ಕೆ ಗಂಟಲಲ್ಲಿ ಆಳವಾಗಿ ಸಿಕ್ಕಿದ್ದರೆ ಕೀಳದೆ ದಾರ ಕತ್ತರಿಸುವುದು ಶಿಫಾರಸು ಮಾಡಲಾದ ಕ್ರಮಗಳು.

ಗೂಡು ಕಾಯುವ ಗಂಡನ್ನು ಹಿಡಿಯುವುದು ಸರಿಯೇ ಎಂಬುದು ಇನ್ನೊಂದು ಚರ್ಚೆ. ಅದು ಹಸಿವಿನಿಂದಲ್ಲ, ಗೂಡನ್ನು ಕಾಪಾಡಲು ಎರೆಯ ಮೇಲೆ ಎರಗುತ್ತದೆ. ಅದನ್ನು ಅಲ್ಲಿಂದ ತೆಗೆದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ನಂತಹ ಮೀನುಗಳು ಮೊಟ್ಟೆಗಳನ್ನು ತಿನ್ನತೊಡಗುವುದನ್ನು ಸಂಶೋಧಕರು ಗಮನಿಸಿದ್ದಾರೆ. ಹಾಗಿದ್ದರೂ ಇಡೀ ಸರೋವರದ ಮೀನುಸಂಖ್ಯೆಯ ಮೇಲೆ ಇದರ ಪರಿಣಾಮವೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯವು ಮರಿ ಮಾಡುವ ಕಾಲದಲ್ಲಿ ಬ್ಯಾಸ್ ಹಿಡಿಯುವುದಕ್ಕೆ ನಿರ್ಬಂಧಗಳನ್ನು ವಿಧಿಸಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅಂತಹ ತಡೆ ಇಲ್ಲ.

ಪರಿಸರದ ಮೇಲಿನ ಪರಿಣಾಮ

ಕ್ರೀಡೆಯ ಆಕರ್ಷಣೆಯಿಂದಾಗಿ ಲಾರ್ಜ್‌ಮೌತ್ ಬ್ಯಾಸ್ ಅನ್ನು ಹಲವು ಖಂಡಗಳಿಗೆ ಸಾಗಿಸಲಾಗಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಸಿದ್ಧಪಡಿಸಿದ, ಜಗತ್ತಿನ ಅತಿ ಹಾನಿಕರವಾದ 100 ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಇದೂ ಇದೆ.

ಜಪಾನಿಗೆ ಈ ಮೀನನ್ನು 1925ರಲ್ಲಿ ಉದ್ಯಮಿ ಅಕಾಬೊಶಿ ಟೆಟ್ಸುಮಾ ತಂದು ಆಶಿ ಸರೋವರಕ್ಕೆ ಬಿಟ್ಟರು. ಮುಂದೆ ಅದು ದೇಶದಾದ್ಯಂತ ಹರಡಿ, ಪ್ರಾಚೀನ ಬಿವಾ ಸರೋವರದ ಸ್ಥಳೀಯ ಮೀನುಗಳಿಗೆ ಅಪಾಯವಾಯಿತು. ಅಲ್ಲಿನ ಸಾಂಪ್ರದಾಯಿಕ ಹುದುಗಿಸಿದ ಖಾದ್ಯವಾದ ಫುನಾಜುಶಿಗೆ ಬಳಸುವ ನಿಗೊರೊಬುನಾ ಮೀನು ಅಪಾಯಕ್ಕೀಡಾದವುಗಳಲ್ಲಿ ಒಂದು. ಶಿಗಾ ಪ್ರಾಂತ್ಯವು 2003ರಿಂದ ಬಿವಾದಲ್ಲಿ ಹಿಡಿದ ಬ್ಯಾಸ್ ಅನ್ನು ಮತ್ತೆ ನೀರಿಗೆ ಬಿಡುವುದನ್ನು ನಿಷೇಧಿಸಿತು. ಹಿಡಿದ ಮೀನನ್ನು ಹಾಕಲು ದಡದಲ್ಲಿ ಪೆಟ್ಟಿಗೆಗಳನ್ನು ಇಡಲಾಯಿತು. 2005ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾನೂನು ಜೀವಂತ ಬ್ಯಾಸ್ ಸಾಗಾಟವನ್ನೂ ಸಾಕಣೆಯನ್ನೂ ನಿರ್ಬಂಧಿಸಿತು. ಬಿಡುವುದನ್ನೇ ಜೀವದಯೆಯೆಂದು ಕಲಿತಿದ್ದ ಗಾಳಗಾರರಿಂದ ಇದಕ್ಕೆ ವಿರೋಧವೂ ಬಂದಿತು. ಜಾಗತಿಕ ದಾಖಲೆಯನ್ನು ಸರಿಗಟ್ಟಿದ ಮೀನು ಸಿಕ್ಕಿದ್ದೂ ಇದೇ ಸರೋವರದಲ್ಲಿ.

ಗ್ವಾಟೆಮಾಲದ ಅಟಿಟ್ಲಾನ್ ಸರೋವರಕ್ಕೆ ಪ್ರವಾಸಿಗರನ್ನು ಸೆಳೆಯಲೆಂದು 1950ರ ದಶಕದ ಕೊನೆಯಲ್ಲಿ ಬ್ಯಾಸ್ ಬಿಡಲಾಯಿತು. ಅದು ಸಣ್ಣ ಮೀನುಗಳನ್ನೂ ಏಡಿಗಳನ್ನೂ ತಿಂದು, ಆ ಸರೋವರದಲ್ಲಿ ಮಾತ್ರ ಇದ್ದ ಅಟಿಟ್ಲಾನ್ ಗ್ರೀಬ್ ಎಂಬ ನೀರುಹಕ್ಕಿಯ ಆಹಾರಕ್ಕೂ ಮರಿಗಳಿಗೂ ಎರವಾಯಿತು. ಜೊಂಡಿನ ನಾಶ ಮತ್ತು ಭೂಕಂಪದ ಬಳಿಕ ನೀರಿನ ಮಟ್ಟ ಇಳಿದದ್ದೂ ಸೇರಿ, 1980ರ ದಶಕದ ಕೊನೆಗೆ ಆ ಹಕ್ಕಿ ಅಳಿದುಹೋಯಿತು. ದಕ್ಷಿಣ ಆಫ್ರಿಕಕ್ಕೆ 1928ರಲ್ಲಿ ಲಾರ್ಜ್‌ಮೌತ್ ಬಂದಿತು. ಅಲ್ಲಿನ ಪಶ್ಚಿಮ ಕೇಪ್‌ನ ರೊಂಡೆಗಾಟ್ ನದಿಯ ಒಂದು ಭಾಗದಿಂದ ಸ್ಮಾಲ್‌ಮೌತ್ ಅನ್ನು ತೆಗೆದುಹಾಕಲು 2012ರಲ್ಲಿ ರೊಟಿನೋನ್ ಎಂಬ ಮೀನುನಾಶಕವನ್ನು ಬಳಸಲಾಯಿತು. ಬಳಿಕ ಸ್ಥಳೀಯ ಮೀನುಗಳು ಆ ಭಾಗಕ್ಕೆ ಮರಳಿದವು.

ದೋಣಿಗಳ ಮೂಲಕ ಝೀಬ್ರಾ ಚಿಪ್ಪುಜೀವಿ ಮತ್ತು ಅನ್ಯ ಜಲಸಸ್ಯಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹರಡುತ್ತವೆ. ಆದ್ದರಿಂದ ದೋಣಿಯನ್ನು ತೊಳೆದು, ನೀರು ಬಸಿದು, ಒಣಗಿಸಿದ ಮೇಲೆಯೇ ಬೇರೆ ನೀರಿಗೆ ಇಳಿಸಬೇಕೆಂಬ ಸೂಚನೆಯಿದೆ. ಕಳೆದುಹೋದ ಸೀಸದ ತೂಕಗಳನ್ನು ನುಂಗಿ ನೀರುಹಕ್ಕಿಗಳು ಸಾಯುವುದರಿಂದ ಕೆಲವು ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿದ್ದು, ಟಂಗ್‌ಸ್ಟನ್ ತೂಕಗಳು ಬಳಕೆಗೆ ಬಂದಿವೆ.

ಸುರಕ್ಷತೆ ಮತ್ತು ನಿಯಮಗಳು

ವೇಗವಾಗಿ ಸಾಗುವ ದೋಣಿಯಿಂದ ಹೊರಗೆ ಬೀಳುವುದು, ತಣ್ಣೀರಿನ ಆಘಾತ, ಸಿಡಿಲು ಮತ್ತು ಕೊಕ್ಕೆಯ ಗಾಯ ಈ ಹವ್ಯಾಸದ ಮುಖ್ಯ ಅಪಾಯಗಳು. ಇಂಗಾಲದ ನಾರಿನಿಂದ ಮಾಡಿದ ಕೋಲು ವಿದ್ಯುತ್ ವಾಹಕವಾದ್ದರಿಂದ ಗುಡುಗು ಕೇಳಿದೊಡನೆ ನೀರಿನಿಂದ ಹೊರಬರಬೇಕು. ಚಾಲಕ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ಕೊಂಡಿಯನ್ನು ಸಣ್ಣ ದೋಣಿಗಳಲ್ಲಿ ಧರಿಸುವುದು ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಗಾಳಗಾರಿಕೆಗೆ ಆಯಾ ರಾಜ್ಯದ ಪರವಾನಗಿ ಅಗತ್ಯ. ಪರವಾನಗಿ ಶುಲ್ಕದ ಜೊತೆಗೆ, 1950ರ ಡಿಂಗೆಲ್-ಜಾನ್ಸನ್ ಕಾಯಿದೆಯಂತೆ ಗಾಳದ ಸಲಕರಣೆಗಳ ಮೇಲೆ ಸಂಗ್ರಹವಾಗುವ ತೆರಿಗೆಯೂ ರಾಜ್ಯಗಳ ಮೀನು ಸಂರಕ್ಷಣೆಯ ಕೆಲಸಗಳಿಗೆ ಹಂಚಿಕೆಯಾಗುತ್ತದೆ.